ಅಮೃತಶಿಲೆ ಕರಗುವ ವೇಗ ಮತ್ತು ನನ್ನ ಬಾಯಿ

ಅಮೃತಶಿಲೆಯ ಚೂರು ಆಸಿಡ್ಡಿಗೆ ಬಿದ್ದಾಗ ಹೊರಡುವ ಸದ್ದನ್ನು ನಾನು ಚೆನ್ನಾಗಿ ತೆಗೆಯುತ್ತೇನೆ. ನಾಲಗೆಯ ತುದಿಯನ್ನು ಮೇಲಿನ ಹಲ್ಲಿಗೆ ಹಚ್ಚಿ ಗಾಳಿಯನ್ನು ಸಣ್ಣಗೆ ಬಿಡಬೇಕು. ಮೊದಲು ಜೋರಾಗಿ, ಆಮೇಲೆ ಮುನಿಸಿಕೊಂಡವರ ಹಾಗೆ ಮೆಲ್ಲಗೆ. ಸೋಡಾ ಬಾಟ್ಲಿ ತೆರೆದ ಸದ್ದೇ ಇದು ಅಂತ ಕೆಲವರು ನನ್ನ ಕಲೆಯನ್ನು ಕಡೆಗಣಿಸುತ್ತಾರೆ. ಅಲ್ಲ. ಸೋಡಾ ಒಂದೇ ಸಲ ಉಸಿರು ಬಿಟ್ಟು ಸುಮ್ಮನಾಗುತ್ತದೆ. ಅಮೃತಶಿಲೆ ತಾನು ಕರಗಿ ಮುಗಿಯುವ ತನಕ ಮಾತು ನಿಲ್ಲಿಸುವುದಿಲ್ಲ. ಈ ವಿಷಯದಲ್ಲಿ ಅದು ನನ್ನ ಪೈಕಿ.

ಅದೇ ಬಿಳಿ ಬಣ್ಣದ, ಅದೇ ಗಾತ್ರಕ್ಕೆ ಒಡೆದ ಇನ್ನೊಂದು ಕಲ್ಲಿದೆ. ಅದರ ಸದ್ದು ತೆಗೆಯಲು ನನಗೆ ಇವತ್ತಿಗೂ ಬಂದಿಲ್ಲ. ಆ ಎರಡು ಕಲ್ಲುಗಳ ನಡುವೆ ನಾನು ಕಳೆದ ಒಂದು ಮಳೆಗಾಲದ ಸಂಗತಿ ಇದು.

ದಹಿಸರಿನ ಒಂದು ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ, ಶಟರ್ ಎಳೆಯುವ ಉದ್ದನೆಯ ಒಂದು ಕೋಣೆ ನಮ್ಮ ಕಾರ್ಖಾನೆ. ಮುಂದುಗಡೆ ಪುಡಿ ಬೆರೆಸುವ ಡ್ರಮ್ಮು, ನಡುವೆ ಪೊಟ್ಟಣ ಕಟ್ಟುವ ಮೇಜು, ಹಿಂದುಗಡೆ ಕಿಟಕಿಯ ಪಕ್ಕ ಕಡಪಾ ಕಲ್ಲಿನ ಒಂದು ಕಟ್ಟೆ. ಆ ಕಟ್ಟೆಯೇ ಲ್ಯಾಬು. ಅದರ ಒಡತಿ ನಮ್ಮ ಮೇಡಂ. ಧಾರವಾಡದ ಕಡೆಯವರು. ಕನ್ನಡಕವನ್ನು ತಲೆಯ ಮೇಲೆ ಏರಿಸಿಕೊಂಡು ಅದನ್ನೇ ಲ್ಯಾಬೆಲ್ಲ ಹುಡುಕುವವರು, ಆದರೆ ಬುರೆಟ್ಟಿನ ಒಂದು ಹನಿ ಹೆಚ್ಚಾದರೆ ಕೋಣೆಯ ಆ ಕಡೆಯಿಂದಲೇ ಹೇಳುವವರು. ನಾನು ಅವರ ಕೈಕೆಳಗಿನ ಒಬ್ಬನೇ ಕೆಮಿಸ್ಟ್. ನಮ್ಮ ಸೇಠ್‌ಜಿಯ ಲೆಕ್ಕದಲ್ಲಿ ಅರ್ಧ ಕೆಮಿಸ್ಟ್, ಉಳಿದರ್ಧ ಟೈಮ್‌ಪಾಸ್.

ನಾವು ಮಾಡುವುದು ಹೋಟೆಲಿನವರಿಗೆ ಬೇಕಾದ ಒಂದು ಪುಡಿ. ಟ್ಯಾಂಕರಿನ ಗಡಸು ನೀರು ಕುದಿದು ಕುದಿದು ಬಾಯ್ಲರಿನ ಕೊಳವೆಯೊಳಗೆ ಸುಣ್ಣದ ಪದರ ಕಟ್ಟುತ್ತದೆ. ಕೊಳವೆ ಸಣ್ಣಗಾಗುತ್ತದೆ, ಹಬೆ ಕಮ್ಮಿಯಾಗುತ್ತದೆ, ಇಡ್ಲಿ ಬೇಯುವುದಿಲ್ಲ, ಧಣಿಗಳು ಪಾಪದ ಅಡುಗೆಯವರನ್ನು ಬೈಯುತ್ತಾರೆ. ಆ ಪದರ ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್. ಅಮೃತಶಿಲೆಯೂ ಅದೇ ಸರಕು. ಆಸಿಡ್ ಸೋಕಿದರೆ ಕಾರ್ಬನ್ ಡೈಆಕ್ಸೈಡ್ ಬಿಟ್ಟು ಕರಗುತ್ತದೆ. ಪ್ರಶ್ನೆ ಒಂದೇ, ಎಷ್ಟು ಹೊತ್ತಿನಲ್ಲಿ? ಹೋಟೆಲಿನಲ್ಲಿ ಮಧ್ಯಾಹ್ನದ ಊಟ ಮುಗಿದು ಸಂಜೆಯ ತಿಂಡಿ ಶುರುವಾಗುವ ನಡುವೆ ಸಿಗುವ ಬಿಡುವಿನಲ್ಲೇ ಬಾಯ್ಲರ್ ಆರಿಸಿ, ತೊಳೆದು, ಮತ್ತೆ ಹೊತ್ತಿಸಬೇಕು. ಪೊಟ್ಟಣದ ಮೇಲೆ ಇಂತಿಷ್ಟು ನಿಮಿಷ ಅಂತ ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಿಸಬೇಕೆಂದು ಸೇಠ್‌ಜಿಗೆ ಹಟ.

ಇನ್ನೊಂದು ಹಟವೂ ಇತ್ತು. ಪೊಟ್ಟಣ ಕಟ್ಟುವ ಹೊಸ ಮಶೀನಿಗೆ ಅವರು ಆರ್ಡರ್ ಕೊಟ್ಟಿದ್ದರು. ಗಣಪತಿ ಹಬ್ಬದ ಮೊದಲು ಬರುವುದಿತ್ತು, ಇಡಲು ಜಾಗವಿರಲಿಲ್ಲ. ಟೇಪ್ ಹಿಡಿದು ಕೋಣೆಯನ್ನೆಲ್ಲ ಅಳೆದು, ಕೊನೆಗೆ ಅವರ ಕಣ್ಣು ಬಿದ್ದದ್ದು ಕಿಟಕಿಯ ಪಕ್ಕದ ಕಟ್ಟೆಯ ಮೇಲೆ. ನಂಬರು ಬೇಕಾದರೆ ಹೊರಗಿನ ಲ್ಯಾಬಿನಿಂದ ತರಿಸಿಕೊಳ್ಳೋಣ, ಇಲ್ಲಿ ಇಬ್ಬರು ಕೂತು ಕಲ್ಲು ಕರಗಿಸುವುದನ್ನು ಎಷ್ಟು ದಿನ ನೋಡುವುದು ಅಂದರು. ಮಶೀನ್ ಬರುವುದರೊಳಗೆ ನಂಬಬಹುದಾದ ಒಂದು ನಂಬರು ಕೊಟ್ಟರೆ ಕಟ್ಟೆ ಉಳಿಯುತ್ತದೆ, ಇಲ್ಲದಿದ್ದರೆ ಮೇಡಂ ಪೊಟ್ಟಣದ ಮೇಜಿನಲ್ಲಿ ಕೂತು ಮೇಲ್ವಿಚಾರಣೆ ಮಾಡಲಿ. ಮೇಡಂ ಹಾಗೆ ಕೂರುವವರಲ್ಲ. ಕಟ್ಟೆ ಹೋದರೆ ಅವರೂ ಚೀಲ ಎತ್ತಿಕೊಂಡು ಹೊರಡುತ್ತಾರೆ ಅನ್ನುವುದು ಡ್ರಮ್ಮಿಗೂ ಗೊತ್ತಿತ್ತು.

ಕೆಲಸ ಶುರುವಾಯಿತು. ನೆಲದ ಹಾಸುಗಲ್ಲು ಮಾರುವ ಅಂಗಡಿಯಿಂದ ಅಮೃತಶಿಲೆಯ ಒಡಕು ತಂದು, ಗೋಣಿಯಲ್ಲಿ ಸುತ್ತಿ ಸುತ್ತಿಗೆಯಿಂದ ಕುಟ್ಟಿದೆ. ಎರಡು ಜರಡಿ. ದೊಡ್ಡ ಕಣ್ಣಿನದರಲ್ಲಿ ಇಳಿದು ಸಣ್ಣ ಕಣ್ಣಿನದರಲ್ಲಿ ಉಳಿದ ಚೂರುಗಳು ಮಾತ್ರ ನಮ್ಮವು. ಯಾಕೆಂದರೆ ಅದೇ ತೂಕದ ಕಲ್ಲನ್ನು ಪುಡಿ ಮಾಡಿದರೆ ಆಸಿಡ್ಡಿಗೆ ಸಿಗುವ ಮೈ ಹೆಚ್ಚಾಗುತ್ತದೆ, ಕಣ್ಣು ಮಿಟುಕಿಸುವುದರೊಳಗೆ ಎಲ್ಲ ಮುಗಿದು ಅಳೆಯಲು ಏನೂ ಉಳಿಯುವುದಿಲ್ಲ. ಚೂರುಗಳಿಗೆ ಅಂಟಿದ ಹಿಟ್ಟಿನಂಥ ಧೂಳನ್ನೂ ತೆಗೆಯಬೇಕು. ಅದಕ್ಕೆ ತೆಳು ಆಸಿಡ್ಡಿನಲ್ಲಿ ಒಂದು ಗಳಿಗೆ ಅದ್ದಿ, ನೀರಿನಲ್ಲಿ ತೊಳೆದು, ಓವನ್ನಿನಲ್ಲಿ ಒಣಗಿಸಿ, ತಣ್ಣಗಾದ ಮೇಲೆ ತೂಗುವುದು. ಮದುವೆ ಹೆಣ್ಣಿಗೂ ಇಷ್ಟು ಶಾಸ್ತ್ರ ಇರುವುದಿಲ್ಲ ಅಂದೆ. "ಮದುವಿ ಆದಮ್ಯಾಲೆ ಹೆಣ್ಣು ಕರಗಿ ಹೋಗಂಗಿಲ್ಲಲ್ಲೋ ತಮ್ಮಾ," ಅಂದರು ಮೇಡಂ. ಸ್ವಲ್ಪ ತಡೆದು, "ಕೆಲವೊಬ್ರು ಹೋಗ್ತಾರ," ಅಂತಲೂ ಸೇರಿಸಿದರು.

ಫ್ಲಾಸ್ಕಿನಲ್ಲಿ ಅಳೆದ ಆಸಿಡ್, ಫ್ಲಾಸ್ಕು ನೀರಿನ ಟಬ್ಬಿನಲ್ಲಿ, ಟಬ್ಬಿನಲ್ಲಿ ಥರ್ಮಾಮೀಟರ್. ಚೂರು ಹಾಕಿದ ಕೂಡಲೇ ಬಿರಡೆ ಜಡಿಯಬೇಕು. ಬಿರಡೆಯಿಂದ ಒಂದು ರಬ್ಬರ್ ನಳಿಕೆ, ಅದರ ತುದಿಗೆ ಗಾಜಿನ ದೊಡ್ಡ ಸಿರಿಂಜ್. ಗ್ಯಾಸು ಬಂದ ಹಾಗೆ ಸಿರಿಂಜಿನ ದಂಡ ಹಿಂದಕ್ಕೆ ಸರಿಯುತ್ತದೆ. ಸಿರಿಂಜ್ ಮತ್ತು ಸೆಕೆಂಡು ಮುಳ್ಳಿನ ಗಡಿಯಾರ ಎರಡೂ ಕಾಣುವ ಹಾಗೆ ನನ್ನ ಫೋನನ್ನು ಟಿಫಿನ್ ಡಬ್ಬಿಗೆ ಒರಗಿಸಿ ವಿಡಿಯೋ ತೆಗೆಯುತ್ತಿದ್ದೆವು. ಆಮೇಲೆ ಅದನ್ನು ಸದ್ದು ಬಂದ್ ಮಾಡಿ ನೋಡುತ್ತ, ಯಾವ ಹೊತ್ತಿಗೆ ಎಷ್ಟು ಗ್ಯಾಸು ಎಂದು ಗ್ರಾಫ್ ಹಾಳೆಗೆ ಇಳಿಸುವುದು. ಸದ್ದು ಬಂದ್ ಮಾಡುವುದು ಮೇಡಂ ನಿಯಮ. ನನ್ನ ಬಡಬಡಿಕೆಯನ್ನು ಒಂದೇ ಸಲ ಕೇಳಿದರೆ ಸಾಕು, ಎರಡನೇ ಸಲ ಯಾಕೆ ಅನ್ನುವುದು ಕಾರಣ.

ಫ್ಲಾಸ್ಕನ್ನು ಮಾತ್ರ ಕೈಯಿಂದಲೇ ಆಡಿಸಬೇಕಿತ್ತು. ತಾನಾಗಿ ಕಲಕುವ ಉಪಕರಣ ನಮ್ಮಲ್ಲಿತ್ತು. ಆದರೆ ಅದರೊಳಗೆ ಸುತ್ತುವ ಅಯಸ್ಕಾಂತದ ಕಡ್ಡಿ ಚೂರುಗಳನ್ನು ಅರೆದು ಪುಡಿ ಮಾಡುತ್ತದೆ, ಜರಡಿ ಹಿಡಿದ ಕಷ್ಟವೆಲ್ಲ ನೀರುಪಾಲು. ಹಾಗಾಗಿ ಕುತ್ತಿಗೆ ಹಿಡಿದು, ಮಣಿಕಟ್ಟಿನಿಂದ, ಒಂದೇ ಲಯದಲ್ಲಿ ತಿರುಗಿಸುವುದು. ಪುಡಿಗೆ ಯಾವ ಆಸಿಡ್ ಅಂತ ತೀರ್ಮಾನವಾದ ಮೇಲೆ ಪ್ರತಿಯೊಂದು ಅಳತೆಯನ್ನೂ ಇಬ್ಬರೂ ಬೇರೆ ಬೇರೆಯಾಗಿ ಮಾಡಬೇಕು. ಇಬ್ಬರ ಕೈಯಲ್ಲೂ ಒಂದೇ ಬಂದರೆ ಅದು ಕಲ್ಲಿನ ಗುಣ, ಬೇರೆ ಬೇರೆ ಬಂದರೆ ಕೈಯ ಗುಣ ಅಂತ ಮೇಡಂ ಮೊದಲ ದಿನವೇ ಹೇಳಿದ್ದರು. ಆ ಮಾತನ್ನು ನಾನು ಅವರ ದನಿಯಲ್ಲಿ ಲೋಕಲ್ ಟ್ರೈನಿನಲ್ಲಿ ಎಷ್ಟು ಸಲ ಹೇಳಿ ನಗಿಸಿದ್ದೇನೋ. ಅರ್ಥ ಮಾತ್ರ ಮಾಡಿಕೊಂಡಿರಲಿಲ್ಲ.

ನನ್ನ ಮೊದಲ ಗ್ರಾಫ್ ನೆಟ್ಟಗೆ ಮೇಲೇರಿ, ಮೆಲ್ಲಗೆ ಬಾಗಿ, ಕೊನೆಗೆ ಮಟ್ಟಸವಾಗಿ ಮಲಗಿತು. ಮರುದಿನ ಬೇರೆ ಚೂರು, ಬೇರೆ ಆಸಿಡ್, ಹೊರಗೆ ಬೇರೆ ಮಳೆ. ಗೆರೆ ಮಾತ್ರ ಅದೇ. ನಿನ್ನೆಯ ಹಾಳೆಯ ಮೇಲೆ ಇವತ್ತಿನದನ್ನು ಇಟ್ಟು ಕಿಟಕಿಯ ಬೆಳಕಿಗೆ ಹಿಡಿದರೆ ಒಂದರ ಮೇಲೊಂದು ಕೂತಿತ್ತು. ನಾನು ಯಾರ ದನಿ ತೆಗೆದರೂ ಎರಡನೇ ಸಲ ಸ್ವಲ್ಪವಾದರೂ ತಪ್ಪುತ್ತೇನೆ. ಈ ಕಲ್ಲಿಗೆ ತನ್ನದೇ ನಕಲು ಮಾಡಲು ಕಲಿಸಿದವರು ಯಾರು? ಕಾಲೇಜಿನಲ್ಲಿ ಇದೇ ಗೆರೆಯನ್ನು ಪಕ್ಕದವನ ಪುಸ್ತಕ ನೋಡಿ ಎಷ್ಟು ಸಲ ಎಳೆದಿದ್ದೆ. ಆಗ ಅದು ಮಾರ್ಕಿನ ಗೆರೆ. ಈಗ ಅದು ನಿಜವಾಗಿಯೂ ಎಲ್ಲಿಂದಲೋ ಬಂದು ಹಾಳೆಯ ಮೇಲೆ ಕೂತಿದ್ದನ್ನು ಕಂಡು ಸ್ವಲ್ಪ ಹೊತ್ತು ಬಾಯಿಂದ ಮಾತು ಹೊರಡಲಿಲ್ಲ. ಮೇಡಂ ಹಣೆ ಮುಟ್ಟಿ ಜ್ವರ ಇದೆಯೇ ಎಂದು ನೋಡಿದರು.

ಪುಡಿಗೆ ಯಾವ ಆಸಿಡ್ ಬಳಸುವುದು ಅನ್ನುವುದು ತೀರ್ಮಾನವಾಗಲು ಒಂದು ವಾರ ಹಿಡಿಯಿತು. ಸೇಠ್‌ಜಿಗೆ ಸಲ್ಫ್ಯೂರಿಕ್ ಮೇಲೆ ಪ್ರೀತಿ. ಹೆಸರು ಕೇಳಿದರೇ ಭಯವಾಗಬೇಕು, ಅಂಥದ್ದು ಕೆಲಸ ಮಾಡದೆ ಇರುತ್ತದೆಯೇ ಅನ್ನುವುದು ಅವರ ವಾದ. ಅದನ್ನು ತೆಳುಮಾಡಿ ಹಾಕಿದೆವು. ಚೂರುಗಳು ಭರ್ರೆಂದು ನೊರೆ ಎಬ್ಬಿಸಿದವು. ಸಿರಿಂಜಿನ ದಂಡ ಓಡಿತು. ನಾನು ಸೇಠ್‌ಜಿಯ ದನಿಯಲ್ಲಿ ಶಾಬಾಸ್ ಅನ್ನುವುದರೊಳಗೆ ದಂಡ ನಿಂತಿತು. ಆಸಿಡ್ ಇನ್ನೂ ಇದೆ, ಕಲ್ಲೂ ಇದೆ, ಎರಡೂ ಒಂದನ್ನೊಂದು ಮುಟ್ಟಿಕೊಂಡೇ ಇವೆ, ಆದರೂ ಸದ್ದಿಲ್ಲ. ಒಂದು ಚೂರನ್ನು ಇಕ್ಕಳದಲ್ಲಿ ಎತ್ತಿ ಉಗುರಿನಿಂದ ಕೆರೆದು ಮೇಡಂ ತೋರಿಸಿದರು. ಕಲ್ಲಿನ ಮೈಮೇಲೆ ತೆಳ್ಳನೆಯ ಬಿಳಿ ಪೊರೆ. ಕರಗಿದ ಕ್ಯಾಲ್ಸಿಯಂ ಆಸಿಡ್ಡಿನ ಸಲ್ಫೇಟಿನ ಜೊತೆ ಸೇರಿ ಜಿಪ್ಸಂ ಆಗಿ ಕಲ್ಲಿನ ಮೇಲೇ ಕೂತಿತ್ತು. ತನ್ನನ್ನು ತಿನ್ನಲು ಬಂದವನ ಕೈಯಿಂದಲೇ ಬಟ್ಟೆ ಕಸಿದು ತೊಟ್ಟುಕೊಂಡ ಆ ಚೂರನ್ನು ನಾನು ಎಸೆಯದೆ ಕಿಟಕಿಯ ಚೌಕಟ್ಟಿನ ಮೇಲೆ ಇಟ್ಟುಕೊಂಡೆ.

ಕೊನೆಗೆ ಆಯ್ದದ್ದು ಸಲ್ಫಾಮಿಕ್ ಆಸಿಡ್. ಸಕ್ಕರೆ ಹರಳಿನ ಹಾಗಿರುತ್ತದೆ, ಕಲ್ಲಿನ ಮೇಲೆ ಪೊರೆ ಕಟ್ಟುವುದಿಲ್ಲ. ಅಲ್ಲಿಯ ತನಕ ಫ್ಲಾಸ್ಕು ಆಡಿಸಿದವನು ನಾನೊಬ್ಬನೇ, ಈಗ ನಾನೂ ಅಳೆದೆ, ಮೇಡಂ ಕೂಡ ಅಳೆದರು. ತೊಂದರೆ ಶುರುವಾದದ್ದು ಆಗ.

ನನ್ನ ಗೆರೆ ಕಡಿದಾಗಿ ಏರಿತು, ಅವರದು ಸಾವಧಾನವಾಗಿ. ಸಣ್ಣ ವ್ಯತ್ಯಾಸವಲ್ಲ. ನನ್ನ ಪ್ರಕಾರ ಪುಡಿಯ ಕೆಲಸ ಮುಗಿಯುವ ಹೊತ್ತಿಗೆ ಅವರ ಪ್ರಕಾರ ಅದು ಇನ್ನೂ ಅರ್ಧ ದಾರಿಯಲ್ಲಿತ್ತು. ಮತ್ತೆ ಮಾಡಿದೆವು. ನನ್ನದು ನನ್ನ ಹಾಗೆಯೇ ಬಂತು, ಅವರದು ಅವರ ಹಾಗೆಯೇ. ಮೇಡಂ ಆಸಿಡ್ಡಿನ ಬಲ ಎಷ್ಟೆಂದು ಬುರೆಟ್ಟಿನಲ್ಲಿ ಟೈಟ್ರೇಟ್ ಮಾಡಿ ನೋಡಿದರು, ಸರಿ ಇತ್ತು. ತಕ್ಕಡಿ ಸರಿ, ಥರ್ಮಾಮೀಟರ್ ಸರಿ, ಬಿರಡೆಯಲ್ಲಿ ಸೋರಿಕೆ ಇಲ್ಲ. ಸುದ್ದಿ ಸೇಠ್‌ಜಿಗೆ ತಲುಪಿತು. ಅವರು ಎರಡೂ ಹಾಳೆ ನೋಡಿ ನನ್ನ ಬೆನ್ನು ತಟ್ಟಿ, "ಲಡಕಾ ಫಾಸ್ಟ್ ಹೈ," ಅಂದರು. ನನ್ನ ನಂಬರನ್ನೇ ಅಚ್ಚಿಗೆ ಕೊಡುವುದು, ಮೇಡಂಗೆ ವಯಸ್ಸಾಯಿತು, ಕೈ ನಿಧಾನ, ಒಳ್ಳೆಯದೇ ಆಯಿತು ಮಶೀನ್ ಬರುತ್ತಿದೆ. ಇಷ್ಟನ್ನೂ ಮೇಡಂ ಎದುರಿಗೇ ಹೇಳಿದರು.

ಬೆನ್ನು ತಟ್ಟಿಸಿಕೊಂಡವನಿಗೆ ಖುಷಿಯಾಗಬೇಕಿತ್ತು. ಅರ್ಧ ಗಂಟೆ ಆಯಿತು ಕೂಡ, ಸುಳ್ಳು ಯಾಕೆ ಹೇಳಲಿ. ಆದರೆ ಅವತ್ತು ಸಂಜೆ ಮೇಡಂ ತಮ್ಮ ಎರಡೂ ಅಂಗೈಗಳನ್ನು ಕಿಟಕಿಯ ಬೆಳಕಿಗೆ ಹಿಡಿದು, ತಿರುಗಿಸಿ ತಿರುಗಿಸಿ ನೋಡುತ್ತಿದ್ದರು. ತಲೆಯ ಮೇಲಿನ ಕನ್ನಡಕವನ್ನು ಹುಡುಕಲೂ ಇಲ್ಲ. ನಾನು ಅವರ ಎಲ್ಲ ಭಂಗಿಗಳನ್ನೂ ನಕಲು ಮಾಡುತ್ತೇನೆ. ಆ ಒಂದನ್ನು ಮಾತ್ರ ಎಲ್ಲೂ ಮಾಡಿ ತೋರಿಸಲಿಲ್ಲ.

ಮುಂದಿನ ವಾರ ನನ್ನ ಗಂಟಲು ಹೋಯಿತು. ಜಡಿಮಳೆಯಲ್ಲಿ ಸ್ಟೇಶನ್ನಿನ ಹೊರಗೆ ನಿಂತು ಬರ್ಫದ ಗೋಲಾ ತಿಂದದ್ದರ ಫಲ. ದನಿ ಅನ್ನುವುದು ಪೂರ್ತಿ ಬಂದ್. ಆಂಟಾಪ್ ಹಿಲ್‌ನ ನಮ್ಮ ಬಿಲ್ಡಿಂಗಿನಲ್ಲಿ ಜನ ದೇವರಿಗೆ ಕೈ ಮುಗಿದರಂತೆ. ಹಾರ್ಬರ್ ಲೈನಿನಲ್ಲಿ ಅಂಧೇರಿಯವರೆಗೆ, ಅಲ್ಲಿ ಬದಲಿಸಿ ದಹಿಸರಿಗೆ, ಯಾರನ್ನೂ ಅಣಕಿಸದೆ ಪ್ರಯಾಣ ಮಾಡಿದರೆ ದಾರಿ ಎಷ್ಟು ಉದ್ದ ಅಂತ ಗೊತ್ತಾಯಿತು. ಲ್ಯಾಬಿಗೆ ಬಂದು ಬಾಯಿ ಮುಚ್ಚಿಕೊಂಡು ಅಳತೆ ಮಾಡಿದೆ. ಗೆರೆ ಹಾಕಿದರೆ ಅದು ಮಲಗಿಬಿಟ್ಟಿತು. ಹೆಚ್ಚುಕಮ್ಮಿ ಮೇಡಂ ಗೆರೆಯ ಮೈಗೇ ಅಂಟಿಕೊಂಡು.

ಆಸಿಡ್ ಹಳಸಿದೆ ಅಂದುಕೊಂಡು ಹೊಸದಾಗಿ ಮಾಡಿದೆ. ಅದೇ. ಚೂರುಗಳು ತೇವವಾಗಿವೆಯೇನೋ ಎಂದು ಮತ್ತೆ ಒಣಗಿಸಿದೆ. ಅದೇ. ಸಿರಿಂಜಿನ ದಂಡ ಬಿಗಿಯಾಗಿದೆ ಅಂತ ಬಿಚ್ಚಿ ತೊಳೆದೆ. ಅದೇ. ಮೇಡಂ ನನ್ನ ಪಾಡು ನೋಡಿ ತಮಾಷೆ ಮಾಡಿದರು. "ಯಾಕೋ ತಮ್ಮಾ, ನಿನ್ನ ಗಂಟಲಾ ಹೋದಕೂಡ್ಲೆ ಕಲ್ಲಿಗೂ ನೆಗಡಿ ಬಂತೇನು?"

ದನಿ ವಾಪಸು ಬಂತು. ಗೆರೆಯೂ ವಾಪಸು ಎದ್ದು ನಿಂತಿತು. ನಾನು ಪುಟ ತಿರುವಿ ಮುಂದೆ ಹೋಗುತ್ತಿದ್ದೆನೋ ಏನೋ. ಮೇಡಂ ಮಾತ್ರ ಎರಡೂ ಹಾಳೆ ಹಿಡಿದು ನಿಂತಲ್ಲೇ ನಿಂತರು. ತಾವೇ ಮಾಡಿದ ತಮಾಷೆಯನ್ನು ಅವರು ಆಗ ಎರಡನೇ ಸಲ ಕೇಳಿಸಿಕೊಂಡರು ಅಂತ ಕಾಣುತ್ತದೆ. ನನ್ನ ಫೋನ್ ಕೇಳಿದರು. ಹಳೆಯ ಒಂದು ವಿಡಿಯೋ ಹಾಕಿ, ಮೊದಲ ಬಾರಿಗೆ, ಸದ್ದು ಏರಿಸಿದರು.

ಫೋನಿನಿಂದ ನಾನು ಹೊರಬಂದೆ. ಮಧ್ಯಾಹ್ನದ ಗಿರಾಕಿಯ ಗಲಾಟೆಯಲ್ಲಿ ಹೋಟೆಲಿನ ವೇಟರ್ ಉಸಿರು ಬಿಡದೆ ಹೇಳುವ ಹಾಗೆ: "ಇಡ್ಲಿ ವಡಾ ಸಾದಾ ಮಸಾಲಾ ಮೈಸೂರು ರವಾ ಉತ್ತಪ್ಪಾ ಉಪ್ಪಿಟ್ಟು ಶೀರಾ." ಅದರ ಹಿಂದೆಯೇ, ಪ್ರತಿ ತಿಂಡಿಗೊಂದು ಏಟಿನಂತೆ, ಫ್ಲಾಸ್ಕಿನೊಳಗೆ ನೀರು ಬಡಿಯುವ ಸದ್ದು. ಛಳಕ್, ಛಳಕ್, ಛಳಕ್. ಇನ್ನೊಂದು ವಿಡಿಯೋದಲ್ಲೂ ವೇಟರ್. ಮತ್ತೊಂದರಲ್ಲಿ ಓಣಿಯಲ್ಲಿ ಕೂಗುತ್ತ ತರಕಾರಿ ಮಾರುವ ಭಾಜಿಯವನು, ಅವನೂ ಅವಸರದವನೇ. ಗಂಟಲು ಹೋದ ದಿನದ ವಿಡಿಯೋ ಹಾಕಿದರು. ಮಾತಿಲ್ಲ, ಹೊರಗಿನ ಮಳೆ, ಮತ್ತು ಬಹಳ ಹೊತ್ತಿಗೊಮ್ಮೆ ಛಳಕ್.

ನನ್ನ ಕೈ ನನ್ನ ಬಾಯಿಯ ತಾಳಕ್ಕೆ ಆಡುತ್ತಿತ್ತು. ನನಗೇ ಗೊತ್ತಿಲ್ಲದ ಹಾಗೆ.

ಮೇಡಂ ಬಾಗಿಲ ಕಡೆ ನೋಡಿ ಸೇಠ್‌ಜಿ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಸ್ಟೂಲ್ ಎಳೆದು ಕೂತರು. ಈಗ ಬೇಕೆಂದೇ ಮಾಡು ಅಂದರು. ಮೊದಲು ವೇಟರ್. ಆಮೇಲೆ ರೈಲಿನಲ್ಲಿ ಮುಂದಿನ ಸ್ಟೇಶನ್ ಹೇಳುವ ಹೆಂಗಸು, ಅದು ಏರಿಳಿತವಿಲ್ಲದ ನಡುವಿನ ಲಯ. ಎರಡೂ ಆಯಿತು. ಮೂರನೆಯದಕ್ಕೆ ಫ್ಲಾಸ್ಕು ಸಿದ್ಧ ಮಾಡಿ ಯಾರದ್ದು ಎಂದು ಕೇಳಿದೆ.

"ನಂದು."

ನಾನು ಹಲ್ಲು ಕಿರಿದೆ. ಅಂಥದ್ದೇನೂ ನಾನು ಮಾಡುವುದಿಲ್ಲ ಅಂದೆ.

"ಏ ಹುಚ್ಚಪ್ಯಾಲಿ, ಪೊಟ್ಟಣಾ ಕಟ್ಟೋ ಹುಡುಗ್ಯಾರಿಂದ ಹಿಡದು ಚಾದವನ ತನಕ ಎಲ್ಲಾರೂ ಹೇಳ್ಯಾರ. ನನಗೊಬ್ಬಾಕಿಗೆ ತೋರಿಸಿಲ್ಲ ನೀ. ಮಾಡು."

ಮದುವೆ ಮನೆ, ಗಣಪತಿ ಮಂಟಪ, ಲೋಕಲಿನ ಬಾಗಿಲು ಎಲ್ಲ ಕಡೆಯೂ ಜನರನ್ನು ನಗಿಸಿದ ಬಾಯಿ ಒಣಗಿಹೋಯಿತು. ಚೂರು ಹಾಕಿ, ಬಿರಡೆ ಜಡಿದು, ಕಣ್ಣನ್ನು ಫ್ಲಾಸ್ಕಿನ ಮೇಲಿಟ್ಟು ಶುರು ಮಾಡಿದೆ. "ಕಲ್ಲಿನ ಗುಣಾ... ಬ್ಯಾರೆ... ಕೈಯಿನ ಗುಣಾ... ಬ್ಯಾರೆ... ನನ್ನ ಚಸ್ಮಾ ಎಲ್ಲಿ ಇಟ್ನೋ ತಮ್ಮಾ..." ಪ್ರತಿ ಮಾತಿನ ನಡುವೆ ಅವರು ತೆಗೆದುಕೊಳ್ಳುವ ಆ ಉಸಿರನ್ನು ನಾನೂ ತೆಗೆದುಕೊಂಡೆ. ಮಣಿಕಟ್ಟು ತಾನಾಗಿ ನಿಧಾನವಾಯಿತು. ಮುಗಿದ ಮೇಲೆ ತಿರುಗಿ ನೋಡಿದರೆ ಮೇಡಂ ನನ್ನನ್ನು ನೋಡುತ್ತಲೇ ಇರಲಿಲ್ಲ, ಸಿರಿಂಜನ್ನು ನೋಡುತ್ತಿದ್ದರು.

ಮೂರು ಗೆರೆ ಎಳೆದೆವು. ಒಂದೇ ಮೂಲೆಯಿಂದ ಹೊರಟು ಬೀಸಣಿಗೆಯ ಕಡ್ಡಿಗಳಂತೆ ಬಿಚ್ಚಿಕೊಂಡವು. ಎಲ್ಲಕ್ಕಿಂತ ಮೇಲೆ ವೇಟರ್, ನಡುವೆ ರೈಲಿನ ಹೆಂಗಸು, ಕೆಳಗೆ ಮೇಡಂ. ಮೇಡಂ ತಮ್ಮ ಹಳೆಯ ಹಾಳೆ ತೆಗೆದು, ನಾನು ಅವರ ದನಿಯಲ್ಲಿ ಮಾಡಿದ ಹಾಳೆಯ ಮೇಲಿಟ್ಟು ಕಿಟಕಿಯ ಗಾಜಿಗೆ ಒತ್ತಿ ಹಿಡಿದರು. ಹೊರಗೆ ಮೋಡ ಸ್ವಲ್ಪ ಸರಿದಿತ್ತು. ಒಂದೇ ಗೆರೆ ಕಾಣಿಸಿತು.

ನನ್ನ ಮಿಮಿಕ್ರಿಗೆ ಜನ ಸೀಟಿ ಹೊಡೆದಿದ್ದಾರೆ, ವಡಾಪಾವ್ ಕೊಡಿಸಿದ್ದಾರೆ. ಆದರೆ ಎಷ್ಟು ಸರಿಯಾಗಿದೆ ಎಂದು ಒಂದು ಕಲ್ಲು ಅಳೆದು ಹೇಳಿದ್ದು ಅದೊಂದೇ ಸಲ. ಮೇಡಂ ಹಾಳೆಗಳನ್ನು ಇಳಿಸಿ, "ನಾ ಇಷ್ಟು ಸಾವಕಾಶ ಮಾತಾಡ್ತೀನೇನೋ?" ಅಂದರು, ಸಾವಕಾಶವಾಗಿಯೇ.

ಆಮೇಲೆ ಅವರು ವಿವರಿಸಿದರು. ಕಲ್ಲನ್ನು ಮುಟ್ಟಿದ ಆಸಿಡ್ ಆ ಕ್ಷಣದಲ್ಲೇ ಖರ್ಚಾಗಿಬಿಡುತ್ತದೆ. ಕಲ್ಲಿನ ಮೈಗೆ ಹತ್ತಿಕೊಂಡು ಉಳಿಯುವುದು ಸತ್ತ ನೀರಿನ ಒಂದು ತೆಳು ಪದರ. ಹೊಸ ಆಸಿಡ್ ಅದನ್ನು ದಾಟಿ ಬರಬೇಕು. ಜೋರಾಗಿ ಆಡಿಸಿದರೆ ಬೇಗ ಬರುತ್ತದೆ. ನಾನು ಅದನ್ನು ನನ್ನ ಭಾಷೆಗೆ ತಂದುಕೊಂಡೆ. ಒಳಗೆ ದೋಸೆ ತಯಾರಿದೆ, ತಂದುಕೊಡುವ ವೇಟರ್ ಇಲ್ಲ. ನಾವು ಇಷ್ಟು ದಿನ ಅಳೆದದ್ದು ಅಡುಗೆಯವನನ್ನಲ್ಲ, ವೇಟರನ್ನು.

ಟ್ಯಾಂಕರ್ ನೀರಿನ ಪದರದಲ್ಲಿ ಮೆಗ್ನೀಸಿಯಮ್ಮೂ ಇರುತ್ತದೆ, ಅದರ ಕಾರ್ಬೊನೇಟನ್ನೂ ನೋಡಿಬಿಡೋಣ ಅಂದರು ಮೇಡಂ. ಮ್ಯಾಗ್ನಸೈಟ್ ಅನ್ನುವ ಕಲ್ಲು ತರಿಸಿದೆವು. ಅದೇ ಸುತ್ತಿಗೆ, ಅದೇ ಜರಡಿ, ಅದೇ ಶಾಸ್ತ್ರ. ಚೂರು ಹಾಕಿದೆ. ಏನೂ ಆಗಲಿಲ್ಲ. ಬಿರಡೆ ಸಡಿಲವಾಗಿದೆಯೇನೋ ಎಂದು ಬಗ್ಗಿ ನೋಡಿದರೆ, ಚೂರಿನ ಮೈಮೇಲೆ ಸಾಸಿವೆಗಿಂತ ಸಣ್ಣ ಗುಳ್ಳೆಗಳು, ಕೂತಲ್ಲೇ ಕೂತು, ಯಾವಾಗಲೋ ಒಂದು ಬಿಟ್ಟುಕೊಂಡು ಮೇಲೆ ಹೋಗುತ್ತಿತ್ತು. ಸಿರಿಂಜಿನ ದಂಡ ಸರಿಯುವುದು ಕಾಣಲು ಊಟ ಮುಗಿಸಿ ಬರಬೇಕಾಯಿತು. ವೇಟರ್ ದನಿ ತೆಗೆದೆ. ಕಲ್ಲು ಕೇಳಲಿಲ್ಲ. ರೈಲಿನ ಹೆಂಗಸು, ಮೇಡಂ, ಭಾಜಿಯವನು, ಹಟ ಹಿಡಿದು ಸೇಠ್‌ಜಿಯನ್ನೂ ಮಾಡಿದೆ. ಎಲ್ಲ ಗೆರೆಗಳೂ ಒಂದರ ಮೇಲೊಂದು ಬಿದ್ದವು. ಕೈ ಸೋತಿತು, ಬಾಯಿ ಸೋತಿತು. ಅದು ತನ್ನ ಪಾಡಿಗೆ ತಾನು ಕರಗುತ್ತಿತ್ತು, ಯಾರಿಗೂ ಅವಸರ ಪಡದೆ.

ಮೇಡಂ ಟಬ್ಬಿಗೆ ಬಿಸಿನೀರು ಸುರಿದರು. ಗುಳ್ಳೆಗಳು ಎದ್ದವು. ಇನ್ನೂ ಸ್ವಲ್ಪ ಸುರಿದರು, ಇನ್ನೂ ಎದ್ದವು. ಇಲ್ಲಿ ವೇಟರುಗಳು ಸಾಲುಗಟ್ಟಿ ನಿಂತಿದ್ದಾರೆ, ಒಳಗೆ ಅಡುಗೆಯವನದೇ ನಿಧಾನ, ಒಲೆ ಜೋರು ಮಾಡಿದರೆ ಮಾತ್ರ ಕೆಲಸ. ಅಂಗೈಯಲ್ಲಿ ಎರಡೂ ಕಲ್ಲು ಇಟ್ಟುಕೊಂಡು ನೋಡಿದೆ. ಕಣ್ಣಿಗೆ ಅಣ್ಣತಮ್ಮಂದಿರು. ಒಂದು ಕೈಯ ಮಾತು ಕೇಳುತ್ತದೆ, ಇನ್ನೊಂದು ಬಿಸಿಯ ಮಾತು ಮಾತ್ರ. ಕೋಟಿಗಟ್ಟಲೆ ವರ್ಷ ಮಣ್ಣಿನಡಿಯಲ್ಲಿ ಮಲಗಿದ್ದಾಗಲೂ ಈ ಹಟ ಅದರೊಳಗೇ ಇತ್ತು, ದಹಿಸರಿನ ಒಂದು ಪ್ಲಾಸ್ಟಿಕ್ ಟಬ್ಬಿಗೆ ಬೀಳುವ ತನಕ ಯಾರಿಗೂ ಹೇಳದೆ. ನನಗೆ ಅವತ್ತು ಕೈ ಮುಗಿಯಬೇಕು ಅನ್ನಿಸಿತು. ನಗುತ್ತಾರೆ ಅಂತ ಸುಮ್ಮನಿದ್ದೆ.

ಸೇಠ್‌ಜಿ ನಂಬರಿಗಾಗಿ ಬಂದರು. ಮಶೀನ್ ಹೊರಟಿದೆ, ಅಚ್ಚಿನವನು ಕಾಯುತ್ತಿದ್ದಾನೆ, ಯಾರದ್ದು ಕೊಡಲಿ, ಹುಡುಗನದ್ದೋ ನಿಮ್ಮದೋ? ತಮ್ಮ ನಂಬರೇ ಸರಿ, ಹುಡುಗನ ಕೈ ಕುಣಿದಾಡಿತು ಅಂದಿದ್ದರೆ ಮೇಡಂ ಅಲ್ಲೇ ಗೆಲ್ಲುತ್ತಿದ್ದರು, ಕಟ್ಟೆಯೂ ಉಳಿಯುತ್ತಿತ್ತು. ನಾನು ಅದನ್ನೇ ನಿರೀಕ್ಷಿಸಿ ತಲೆ ತಗ್ಗಿಸಿ ನಿಂತಿದ್ದೆ. ಅವರು ಕನ್ನಡದಲ್ಲೇ, ನನ್ನ ಕಡೆ ನೋಡಿ ಹೇಳಿದರು, "ಎರಡೂ ಸುಳ್ಳು. ಪೈಪಿನ್ಯಾಗ ನೀನೂ ಇರಂಗಿಲ್ಲ, ನಾನೂ ಇರಂಗಿಲ್ಲ." ಆಮೇಲೆ ಸೇಠ್‌ಜಿಗೆ ಹಿಂದಿಯಲ್ಲಿ: ಎರಡರಲ್ಲಿ ಯಾವುದನ್ನೂ ಅಚ್ಚು ಹಾಕಿಸಬೇಡಿ, ಒಂದು ನಿಜವಾದ ಬಾಯ್ಲರಿನಲ್ಲಿ, ಪಂಪ್ ಇಟ್ಟು, ಬೆಚ್ಚಗಿನ ನೀರಿನಲ್ಲಿ ಮಾಡಿ ತೋರಿಸುತ್ತೇನೆ.

ಸೇಠ್‌ಜಿ ಒಪ್ಪಿದರು, ಒಂದು ಷರತ್ತಿನ ಮೇಲೆ. ಸಂಜೆಯ ತಿಂಡಿಗೆ ಹಬೆ ಬರದಿದ್ದರೆ ಮರುದಿನವೇ ಕಟ್ಟೆ ಒಡೆಸುವುದು.

ವಡಾಲದ ಸ್ಟೇಶನ್ನಿನ ಹತ್ತಿರ ನನಗೆ ಪರಿಚಯದ ಒಂದು ಹೋಟೆಲಿದೆ. ಧಣಿ ಉಡುಪಿ ಕಡೆಯವರು, ನನ್ನ ವೇಟರ್ ನಕಲಿಗೆ ಮೂಲ ಅವರ ಹೋಟೆಲೇ. "ಎಂತ ಮಾರಾಯ, ನನ್ನ ಬಾಯ್ಲರಿನೆದುರು ನಾಟಕ ಮಾಡ್ಲಿಕ್ಕೆ ಬಂದದ್ದಾ?" ಅಂತಲೇ ಸ್ವಾಗತ. ಸುರುಳಿ ಕೊಳವೆಯ ಸಣ್ಣ ಬಾಯ್ಲರ್. ಒಂದು ತುದಿಯಿಂದ ನೀರು ಬಿಟ್ಟರೆ ಇನ್ನೊಂದು ತುದಿಯಲ್ಲಿ ನೂಲಿನೆಳೆಯಷ್ಟು ಬರುತ್ತಿತ್ತು.

ಊಟದ ಕೊನೆಯ ಪಂಕ್ತಿ ಏಳುತ್ತಿದ್ದಂತೆ ಬಾಯ್ಲರ್ ಆರಿಸಿ ತಣಿಸಿದೆವು. ಪ್ಲಾಸ್ಟಿಕ್ ಬಕೆಟಿನಲ್ಲಿ ಬೆಚ್ಚಗಿನ ನೀರು, ಅದಕ್ಕೆ ನಮ್ಮ ಪುಡಿ. ಸಣ್ಣ ಪಂಪ್ ಅದನ್ನು ಸುರುಳಿಯೊಳಗೆ ತಳ್ಳಿ, ಆ ಕಡೆಯಿಂದ ಅದೇ ಬಕೆಟಿಗೆ ತರುತ್ತಿತ್ತು. ಕೊಳವೆ ಭರ್ರೆಂದು ಮಾತಾಡತೊಡಗಿತು. ಬಕೆಟಿನಲ್ಲಿ ನೊರೆ ಎದ್ದಿತು. ಎಳೆ ದಪ್ಪವಾಯಿತು. ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕಾಯುತ್ತಿದ್ದ ಸೇಠ್‌ಜಿ ಆಗಲೇ ಮುಂದಿಟ್ಟ ಚಹಾದ ಮೊದಲ ಗುಟುಕು ಕುಡಿದದ್ದು.

ಆಮೇಲೆ ಸದ್ದು ನಿಂತಿತು. ನೊರೆ ಇಳಿಯಿತು. ನೀರು ಮಾತ್ರ ಬೆರಳಿನಷ್ಟೇ ದಪ್ಪ, ಕೊಳವೆಯ ಬಾಯಿ ತುಂಬಿ ಬರುತ್ತಿಲ್ಲ. ಆಯಿತಲ್ಲ, ಹೊತ್ತಿಸೋಣ, ಇಡ್ಲಿ ಹಿಟ್ಟು ತಟ್ಟೆಗೆ ಹಾಕಬೇಕು ಅಂದರು ಧಣಿ. ನಾನು ಕೊಳವೆಗೆ ಕಿವಿ ಇಟ್ಟೆ. ಏನೂ ಇಲ್ಲ. ಆದರೆ ಆ ಏನೂ ಇಲ್ಲದ್ದು ನನಗೆ ಗುರುತಿತ್ತು. ಕಿವಿ ಇನ್ನೂ ಒತ್ತಿದೆ. ಬಹಳ ದೂರದಲ್ಲಿ, ಯಾರೋ ಮಾತು ಶುರು ಮಾಡಲು ಬಾಯಿ ತೆರೆದು ಬಿಟ್ಟಂಥ ಒಂದು ಸಣ್ಣ ಪಟ್. ಸ್ವಲ್ಪ ಹೊತ್ತಿಗೆ ಇನ್ನೊಂದು.

ಇದು ಆ ಇನ್ನೊಂದು ಕಲ್ಲು ಅಂದೆ ಮೇಡಂಗೆ. ಅವರು ಆಗಲೇ ಬಿಸಿನೀರಿನ ಹಂಡೆಯ ಕಡೆ ಹೊರಟಿದ್ದರು.

ಧಣಿಗೆ ಅವಸರ. ಬಿಸಿ ಬೇಕಿದ್ದರೆ ಬಾಯ್ಲರನ್ನೇ ಹೊತ್ತಿಸಿ ಒಂದು ಕುದಿ ಬರಿಸಿಬಿಡುವಾ ಅಂತ ಬೆಂಕಿಯ ತಿರುಪಿಗೆ ಕೈ ಹಾಕಿದರು. ಮೇಡಂ ಓಡಿ ಬಂದು ಅವರ ಕೈ ಹಿಡಿದರು. ಸಲ್ಫಾಮಿಕ್ಕನ್ನು ಕುದಿಸಿದರೆ ಅದು ಮುರಿದು ಸಲ್ಫೇಟ್ ಆಗುತ್ತದೆ. ಆಗ ನಮ್ಮ ಕಿಟಕಿಯ ಚೌಕಟ್ಟಿನ ಮೇಲಿದ್ದ ಚೂರಿನ ಹಾಗೆ ಕೊಳವೆಯೊಳಗೂ ಜಿಪ್ಸಂ ಕೂತುಬಿಡುತ್ತದೆ, ಮತ್ತೆ ಯಾವ ಆಸಿಡ್ಡಿಗೂ ಏಳುವುದಿಲ್ಲ. ಬಕೆಟಿನ ಹೊರಮೈ ಮುಟ್ಟಿದರೆ ಚುರುಕ್ ಅನ್ನಬೇಕು, ಅಷ್ಟೇ, ಅದಕ್ಕಿಂತ ಹೆಚ್ಚಿಲ್ಲ. ಬಿಸಿನೀರಿನಲ್ಲಿ ಹೊಸ ಪುಡಿ ಕಲಸಿ ಮತ್ತೆ ಪಂಪ್ ಹಾಕಿದೆವು. ಆಮೇಲೆ ಮಾಡಲು ಏನೂ ಇರಲಿಲ್ಲ. ಸೇಠ್‌ಜಿ ಗಡಿಯಾರ ನೋಡುತ್ತಿದ್ದರು. ಹೊರಗೆ ಸಂಜೆಯ ಮೊದಲ ಗಿರಾಕಿಗಳು ಕುರ್ಚಿ ಎಳೆಯುವ ಸದ್ದು. ನಾನು ಯಾರ ದನಿಯನ್ನೂ ತೆಗೆಯಲಿಲ್ಲ. ಆ ಕಲ್ಲಿನ ಮುಂದೆ ನನ್ನ ಬಾಯಿ ನಡೆಯುವುದಿಲ್ಲ ಅಂತ ನನಗೆ ಗೊತ್ತಿತ್ತು.

ನೀರಿನ ಧಾರೆ ದಪ್ಪವಾಗುವುದು ಕಣ್ಣಿಗೆ ಕಾಣುವುದಿಲ್ಲ, ಗಿಡ ಬೆಳೆಯುವುದು ಕಾಣದ ಹಾಗೆ. ಒಮ್ಮೆ ಆ ಕಡೆ ನೋಡಿ, ಮತ್ತೆ ತಿರುಗಿದರೆ ಕೊಳವೆಯ ಬಾಯಿ ತುಂಬಿತ್ತು. ಮೇಡಂ ಎರಡು ಸಲ ಬರಿ ನೀರು ಬಿಟ್ಟು, ಒಮ್ಮೆ ಸೋಡಾಪುಡಿಯ ನೀರು ಬಿಟ್ಟು, ಮತ್ತೆ ಬರಿ ನೀರು ಬಿಟ್ಟು ತೊಳೆದರು. ಕೊಳವೆಯ ತುದಿ ಬಿಚ್ಚಿ ಟಾರ್ಚ್ ಹಿಡಿದಾಗ ಒಳಗಡೆ ಲೋಹ ಹೊಚ್ಚ ಹೊಸದರ ಹಾಗೆ ಮಿರುಗಿತು. ನಾಲ್ಕೂ ಜನ ಒಬ್ಬರ ತಲೆಗೆ ಒಬ್ಬರು ತಾಗುತ್ತ ಅದರೊಳಗೆ ಇಣುಕಿದೆವು. ಧಣಿಯೇ ಮೊದಲು, "ಛೆ, ಎಷ್ಟು ಚಂದ ಉಂಟು ಇದರ ಹೊಟ್ಟೆ," ಅಂದರು. ಸಂಜೆಯ ಮೊದಲ ಇಡ್ಲಿ ಸ್ವಲ್ಪ ತಡವಾಗಿ ಬಂತು, ಆದರೆ ಬೆಂದು ಬಂತು.

ಪೊಟ್ಟಣದ ಮೇಲೆ ನಿಮಿಷಗಳ ಅಚ್ಚು ಇಲ್ಲ. "ಬಿಸಿ ನೀರು, ಕುದಿಸಬಾರದು. ಸದ್ದು ನಿಂತ ಮೇಲೂ, ನೀರು ಪೂರ್ತಿ ಬಾಯಿ ತುಂಬಿ ಬರುವ ತನಕ," ಅಂತ ಇದೆ. ಇಷ್ಟುದ್ದದ ಮಾತನ್ನು ಯಾರು ಓದುತ್ತಾರೆ ಅಂತ ಸೇಠ್‌ಜಿ ಈಗಲೂ ಗೊಣಗುತ್ತಾರೆ. ಮಶೀನ್ ಬಂತು, ಮರದ ಪೆಟ್ಟಿಗೆ ಸಮೇತ ಹೊರಗಿನ ಓಣಿಯಲ್ಲಿ ಕೂತಿದೆ. ನಡುವಿನ ಮೇಜನ್ನು ಸರಿಸಿ ಅದಕ್ಕೆ ಜಾಗ ಮಾಡುವ ಮಾತು ನಡೆದಿದೆ. ಕಟ್ಟೆಯ ಮಾತು ಯಾರೂ ಎತ್ತಿಲ್ಲ.

ಗಣಪತಿ ಹಬ್ಬ ಮುಗಿದ ಮೇಲೆ ಒಂದು ಬೆಳಿಗ್ಗೆ ಅಂಧೇರಿಯಲ್ಲಿ ಗಾಡಿ ತಪ್ಪಿ ತಡವಾಗಿ ಬಂದೆ. ಶಟರ್ ಅರ್ಧ ತೆರೆದಿತ್ತು. ಒಳಗೆ ಯಾರೋ ಮಾತಾಡುವುದು ಕೇಳಿ ಪೆಟ್ಟಿಗೆಯ ಹತ್ತಿರವೇ ನಿಂತೆ. ಬಗ್ಗಿ ನೋಡಿದರೆ, ಕಿಟಕಿಯ ಬೆಳಕಿನಲ್ಲಿ ಮೇಡಂ ಒಬ್ಬರೇ, ನನಗೆ ಬೆನ್ನು ಮಾಡಿ, ಎಡಗೈ ಸೊಂಟದ ಮೇಲೆ, ಬಲಗೈಯಲ್ಲಿ ಫ್ಲಾಸ್ಕು. ತಮ್ಮ ಜನ್ಮದಲ್ಲಿ ಯಾರನ್ನೂ ಅಣಕಿಸದವರು.

"ಇಡ್ಲಿ ವಡಾ ಸಾದಾ ಮಸಾಲಾ ಮೈಸೂರ ರವಾ ಉತ್ತಪ್ಪಾ ಉಪ್ಪಿಟ್ಟ ಶಿರಾ..."

ವೇಟರ್ ಹಾಗಿರಲಿಲ್ಲ ಅದು. ನನ್ನ ಹಾಗಿತ್ತು. ಧಾರವಾಡದಲ್ಲಿ ಹುಟ್ಟಿದ ನಾನು. ಉಸಿರು ಸಾಲದೆ ಶೀರಾದ ಹತ್ತಿರ ಎಡವಿದರು, ಕೈ ಮಾತ್ರ ಎಡವಲಿಲ್ಲ. ಫ್ಲಾಸ್ಕಿನೊಳಗೆ ಕಲ್ಲು ಭರ್ರೆಂದು ನೊರೆಯುತ್ತಿತ್ತು. ಸಿರಿಂಜಿನ ದಂಡ ನನ್ನ ಗೆರೆಯ ವೇಗದಲ್ಲಿ ಹಿಂದಕ್ಕೆ ಓಡುತ್ತಿತ್ತು. ಅದು ಪೂರ್ತಿ ನಿಲ್ಲುವ ತನಕ ನಾನು ಒಳಗೆ ಹೋಗಲಿಲ್ಲ.